ಡಿಗ್ರಿ ಮೊದಲ ವರ್ಷ, ಭೂಗೋಳಶಾಸ್ತ್ರ: ಓದೋದು ಹೇಗೆ, ಉತ್ತರ ಬರೆಯೋದು ಹೇಗೆ?

ಹಿರಿಯೂರಿನ_ಹುಡುಗಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಮೊದಲ ಸೆಮಿಸ್ಟರ್ ಓದ್ತಿದ್ದೀನಿ, ಇತಿಹಾಸದ ಜೊತೆ ಭೂಗೋಳಶಾಸ್ತ್ರ ತಗೊಂಡಿದ್ದೀನಿ. ನಮ್ಮೂರು ಹಿರಿಯೂರಿನ ಹತ್ತಿರ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಇಲ್ಲಿ ಹಾಸ್ಟೆಲ್‌ನಲ್ಲಿದ್ದೀನಿ.

ಪಿಯುಸಿಯಲ್ಲಿ ಮೇಷ್ಟ್ರು ನೋಟ್ಸ್ ಬರೆಸೋರು, ಅದನ್ನೇ ಬಾಯಿಪಾಠ ಮಾಡಿ ಬರೆದ್ರೆ ಆಗ್ತಿತ್ತು. ಇಲ್ಲಿ ಮೇಡಂ ಪಾಠ ಮಾಡ್ತಾರೆ, ಬೋರ್ಡ್ ಮೇಲೆ ಚಿತ್ರ ಬಿಡಿಸ್ತಾರೆ, ಮೂರ್ನಾಲ್ಕು ಪುಸ್ತಕದ ಹೆಸರು ಹೇಳಿ "ಉಳಿದದ್ದು ಓದ್ಕೊಂಡು ಬನ್ನಿ" ಅಂತಾರೆ. ಪುಸ್ತಕಗಳೆಲ್ಲ ಇಂಗ್ಲಿಷ್‌ನಲ್ಲಿವೆ. ಒಂದೊಂದು ಅಧ್ಯಾಯ ಅಷ್ಟುದ್ದ. ಯಾವುದು ಮುಖ್ಯ, ಯಾವುದನ್ನ ಬಿಡಬಹುದು ಅಂತಾನೇ ತಿಳಿಯಲ್ಲ. ಮೊದಲ ಇಂಟರ್ನಲ್ಸ್ ಪೇಪರ್ ಕೊಟ್ಟಾಗ ನನ್ನ ಉತ್ತರದ ಪಕ್ಕದಲ್ಲಿ "ವರ್ಣನೆ ಇದೆ, ಕಾರಣ ಎಲ್ಲಿ?" ಅಂತ ಬರೆದಿದ್ರು. ಕಾರಣ ಅಂದ್ರೆ ಎಷ್ಟು ಬರೀಬೇಕು, ಯಾವ ಥರ ಬರೀಬೇಕು?

ಟೋಪೋಶೀಟ್ (ನೆಲದ ಏರಿಳಿತ, ಹಳ್ಳ, ರಸ್ತೆ ಎಲ್ಲ ತೋರಿಸೋ ಸರ್ವೆ ನಕ್ಷೆ) ಪ್ರಾಕ್ಟಿಕಲ್ ಅಂತೂ ಇನ್ನೂ ಕಷ್ಟ. ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನ ಜೋಡಿಸೋ ಗೆರೆ) ನೋಡಿದ್ರೆ ಗೆರೆ ಕಾಣ್ಸುತ್ತೆ, ಗುಡ್ಡ ಕಾಣ್ಸಲ್ಲ. ಈ ವಿಷಯ ನನಗೆ ತುಂಬಾ ಇಷ್ಟ, ಅದಕ್ಕೇ ಕೇಳ್ತಿದ್ದೀನಿ. ಮುಂದೆ ಎಂ.ಎ. ಮಾಡೋ ಆಸೆ ಇದೆ.

ಎರಡನೇ_ವರ್ಷ_ಬಿಎ
ಮೊದಲು ಲೈಬ್ರರಿಗೆ ಹೋಗಿ ಹಳೇ ಪ್ರಶ್ನೆಪತ್ರಿಕೆ ಕೇಳಿ ಜೆರಾಕ್ಸ್ ಮಾಡಿಸ್ಕೊ. ಸಿಲಬಸ್ ಪ್ರತಿನೂ ಒಂದಿರಲಿ. 2024-25ರಿಂದ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದ್ದಾರೆ, ಹಾಗಾಗಿ ಸೀನಿಯರ್‌ಗಳು ಕೊಡೋ ನೋಟ್ಸ್ ನಿನ್ನ ಸಿಲಬಸ್‌ಗೆ ಸರಿಹೊಂದುತ್ತಾ ಅಂತ ನೋಡ್ಕೊಂಡು ತಗೊ. ನಮ್ಮ ಕ್ಲಾಸಲ್ಲಿ ತುಂಬಾ ಜನ ಇದನ್ನ ನೋಡದೇ ಓದ್ತಾರೆ.

ಜ್ಞಾನಭಾರತಿ_ಎಂಎ
ತಂಗಿ, ಇಂಗ್ಲಿಷ್ ಅಧ್ಯಾಯ ಓದೋದರ ಬಗ್ಗೆ ಹೇಳ್ತೀನಿ. ನಾನೂ ಕನ್ನಡ ಮಾಧ್ಯಮದವಳೇ.

ಮೊದಲನೇ ಸಾಲಿನಿಂದ ಡಿಕ್ಷನರಿ ಹಿಡ್ಕೊಂಡು ಕೂತರೆ ಐದನೇ ಪುಟಕ್ಕೆ ಸುಸ್ತಾಗುತ್ತೆ. ಭೂಗೋಳದ ಪುಸ್ತಕದಲ್ಲಿ ನಮಗೊಂದು ಅನುಕೂಲ ಇದೆ, ಅದರಲ್ಲಿ ಚಿತ್ರ, ನಕ್ಷೆ, ಕೋಷ್ಟಕ ಇರುತ್ತೆ. ಮೊದಲು ಅವನ್ನಷ್ಟೇ ನೋಡು, ಅವುಗಳ ಕೆಳಗಿನ ವಾಕ್ಯ ಓದು. ಆಮೇಲೆ ಶೀರ್ಷಿಕೆ, ಉಪಶೀರ್ಷಿಕೆ. ಒಂದೊಂದು ಉಪಶೀರ್ಷಿಕೆಯನ್ನೂ ಪ್ರಶ್ನೆ ಮಾಡಿ ಹಾಳೆಯ ಎಡಗಡೆ ಬರ್ಕೊ. ಪಠ್ಯ ಓದೋದು ಇಷ್ಟಾದ ಮೇಲೆ. ಆಗ ಉತ್ತರ ಹುಡುಕ್ತಾ ಓದ್ತೀಯ, ಸುಮ್ಮನೆ ಕಣ್ಣು ಓಡಿಸಲ್ಲ.

ಅಮೆರಿಕದ ಭೂಗೋಳಶಾಸ್ತ್ರಜ್ಞ ಡೇವಿಸ್‌ನ ಸವೆತದ ಚಕ್ರ (ಮೇಲೆದ್ದ ನೆಲ ಹಂತ ಹಂತವಾಗಿ ಸವೆದು ತಗ್ಗುತ್ತೆ ಅನ್ನೋ ಸಿದ್ಧಾಂತ) ನಿನಗೆ ಈ ಸೆಮಿಸ್ಟರ್‌ನಲ್ಲೋ ಮುಂದಿನದರಲ್ಲೋ ಬರುತ್ತೆ, ಅದನ್ನೇ ತಗೊ. 1899ರ ಲೇಖನ ಅದು. ಪುಸ್ತಕದಲ್ಲಿ ಪುಟಗಟ್ಟಲೆ ಇರುತ್ತೆ. ನೀನು ಹುಡುಕಬೇಕಾದ ಉತ್ತರ ಮೂರು. ಅವನು ಏನು ಹೇಳ್ತಾನೆ? ಭೂರೂಪ ಅನ್ನೋದು ರಚನೆ, ಪ್ರಕ್ರಿಯೆ, ಹಂತ ಈ ಮೂರರ ಫಲ ಅಂತಾನೆ. ಏನನ್ನು ಇಟ್ಕೊಂಡು ಹೇಳ್ತಾನೆ? ನೆಲ ಬೇಗನೆ ಮೇಲೆದ್ದು, ನಂತರ ಬಹುಕಾಲ ಅಲುಗಾಡದೆ ನಿಂತಿರುತ್ತೆ, ಆಗ ನದಿ ಅದನ್ನ ಕೊರೀತಾ ಹೋಗುತ್ತೆ ಅಂತ ಇಟ್ಕೊಂಡಿದ್ದಾನೆ. ಯಾರು ಒಪ್ಪಲಿಲ್ಲ, ಯಾಕೆ? ಜರ್ಮನಿಯ ಪೆಂಕ್ ಒಪ್ಪಲಿಲ್ಲ. ನೆಲ ಏಳೋದೂ ಸವೆಯೋದೂ ಒಟ್ಟೊಟ್ಟಿಗೇ ನಡೆಯುತ್ತೆ ಅಂದ. ಇಷ್ಟು ನಿನ್ನ ಮಾತಲ್ಲಿ ಬಂದ್ರೆ ಅಧ್ಯಾಯದ ಬೆನ್ನೆಲುಬು ಸಿಕ್ಕ ಹಾಗೆ. ಯೌವನ, ಪ್ರೌಢ, ವೃದ್ಧ ಹಂತಗಳ ಲಕ್ಷಣಗಳನ್ನ ಆಮೇಲೆ ತುಂಬ್ಕೊಂಡು ಹೋಗಬಹುದು. ಯಾವುದನ್ನ ಬಿಡಬಹುದು ಅಂತ ಕೇಳಿದ್ಯಲ್ಲ, ಈ ಮೂರಕ್ಕೆ ಸಂಬಂಧ ಇಲ್ಲದ್ದನ್ನ ಮೊದಲ ಓದಿನಲ್ಲಿ ಬಿಡು.

ಓದಾದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆ ಮೇಲೆ ನೆನಪಿನಿಂದ ಬರಿ. ಕನ್ನಡದಲ್ಲೇ ಬರಿ, ಚಿತ್ರ ಬಿಡಿಸು. ಬರದೇ ಇದ್ದದ್ದು ಯಾವುದು ಅಂತ ನೋಡಿ ಅಷ್ಟು ಭಾಗ ಮತ್ತೆ ಓದು. ಅಮೆರಿಕದ ರೋಡಿಗರ್, ಕಾರ್ಪಿಕಿ ಅನ್ನೋರು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಒಂದಿದೆ. ಓದಿದ್ದನ್ನೇ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ರು. ಒಂದು ವಾರ ಬಿಟ್ಟು ನೋಡಿದಾಗ, ಪುಸ್ತಕ ಮುಚ್ಚಿ ನೆನಪಿಸ್ಕೊಂಡು ಬರೆದವರೇ ಮುಂದಿದ್ರು. ಸೆಮಿಸ್ಟರ್ ಪರೀಕ್ಷೆ ಐದು ನಿಮಿಷಕ್ಕೆ ಬರಲ್ಲ ಅಲ್ವಾ.

ಕೆಎಎಸ್_ವಿಜಯನಗರ
ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಭೂಗೋಳದಲ್ಲಿ ಬಾಯಿಪಾಠ ಇಲ್ಲದೆ ಆಗಲ್ಲ. ವಾತಾವರಣದ ಪದರಗಳು, ಭೂವೈಜ್ಞಾನಿಕ ಕಾಲಗಳ ಕ್ರಮ, ಸಾಗರ ಪ್ರವಾಹಗಳ ಹೆಸರು, ಹವಾಗುಣ ವಿಂಗಡಿಸೋ ಕೊಪ್ಪೆನ್‌ನ ಅಕ್ಷರಗಳು, ಇವನ್ನೆಲ್ಲ ತರ್ಕ ಮಾಡಿ ಕಂಡುಹಿಡಿಯೋಕೆ ಆಗುತ್ತಾ? ಚಿಕ್ಕ ಕಾರ್ಡ್ ಮಾಡ್ಕೊಳ್ಳಿ, ಬಸ್ಸಲ್ಲಿ ನೋಡಿ. ನಾನು ಹಾಗೇ ಓದಿದ್ದು, ಈಗಲೂ ನೆನಪಿದೆ. ಪಾಯಿಂಟ್ ಪಾಯಿಂಟ್ ಆಗಿ ಬರೆದ್ರೆ ಪೇಪರ್ ನೋಡೋರಿಗೂ ಸುಲಭ.

ನಿವೃತ್ತ_ಅಧ್ಯಾಪಕ
ಕೆಎಎಸ್ ಮಿತ್ರರ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ. ಕ್ರಮ, ಹೆಸರು, ಚಿಹ್ನೆಗಳನ್ನು ನೆನಪಿಡಲೇಬೇಕು. ಆದರೆ ಪಾಯಿಂಟ್‌ಗಳ ವಿಷಯ ಬೇರೆ. ಈ ಮಗುವಿನ ಮೇಡಂ ಬರೆದ ಷರಾ ಬಹಳ ಸರಿಯಾದದ್ದು, ಅದರ ಬಗ್ಗೆಯೇ ವಿವರವಾಗಿ ಬರೆಯುತ್ತೇನೆ. ಬಹಳ ವರ್ಷ ಮೌಲ್ಯಮಾಪನ ಮಾಡಿದ್ದೇನೆ, ಒಳ್ಳೆಯ ಹುಡುಗರು ಅಂಕ ಕಳೆದುಕೊಳ್ಳುವುದು ಇಲ್ಲೇ.

"ಬೆಂಗಳೂರಿನಲ್ಲಿ ಪ್ರವಾಹಕ್ಕೆ ಕಾರಣಗಳೇನು?" ಎಂಬ ಪ್ರಶ್ನೆ ಇಟ್ಟುಕೊಳ್ಳೋಣ. ಹೆಚ್ಚಿನವರು ಬರೆಯುವ ಉತ್ತರ ಹೀಗಿರುತ್ತದೆ: "ಹೆಚ್ಚು ಮಳೆ. ಕೆರೆಗಳ ಒತ್ತುವರಿ. ಚರಂಡಿಯಲ್ಲಿ ಕಸ. ಯೋಜನೆಯಿಲ್ಲದ ಬೆಳವಣಿಗೆ." ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಊರಿನ ಹೆಸರು ತೆಗೆದು ಬೇರೆ ಊರಿನ ಹೆಸರು ಹಾಕಿದರೂ ಉತ್ತರ ಹಾಗೇ ನಿಲ್ಲುತ್ತದೆ. ಭೂಗೋಳಶಾಸ್ತ್ರದ ಉತ್ತರ ಹಾಗೆ ನಿಲ್ಲಬಾರದು. ಇಲ್ಲೇ ಯಾಕೆ, ಅಲ್ಲಿ ಯಾಕಿಲ್ಲ ಎಂಬುದಕ್ಕೆ ಅದು ಉತ್ತರ ಹೇಳಬೇಕು.

ಅದೇ ಸಂಗತಿಗಳನ್ನು ಹೀಗೆ ಜೋಡಿಸಿ ನೋಡಿ:

"ಬೆಂಗಳೂರು ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಬೆಳೆದ ಊರು. ಈ ದಿಣ್ಣೆಯೇ ಜಲವಿಭಾಜಕ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಕಣಿವೆಯಲ್ಲಿ ಇಳಿದು ಅರ್ಕಾವತಿಯನ್ನೂ ಅಲ್ಲಿಂದ ಕಾವೇರಿಯನ್ನೂ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಕಣಿವೆಗಳಲ್ಲಿ ಒಂದರ ಕೆಳಗೊಂದು ಕೆರೆ ಕಟ್ಟಿ ರಾಜಕಾಲುವೆಗಳಿಂದ ಜೋಡಿಸಿದ್ದರು. ಮೇಲಿನ ಕೆರೆ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು, ಹೀಗಾಗಿ ಮಳೆನೀರು ತಡೆದು ತಡೆದು ಇಳಿಯುತ್ತಿತ್ತು. ಮೇಲಿನ ಕೆರೆಗಳು ಬಡಾವಣೆ, ಮೈದಾನ, ಬಸ್ ನಿಲ್ದಾಣಗಳಾದವು. ನೆಲ ಕಾಂಕ್ರೀಟ್ ಆಗಿ ಇಂಗುವುದು ಕಡಿಮೆಯಾಯಿತು. ಅಷ್ಟೇ ಮಳೆಯ ನೀರು ಈಗ ಬೇಗ ಮತ್ತು ಒಮ್ಮೆಗೇ ಕಣಿವೆಯ ಕೆಳತುದಿ ತಲುಪುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು ಭಾಗದ ಹೊರವರ್ತುಲ ರಸ್ತೆ ಮುಳುಗಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು."

ಇದರ ಪಕ್ಕದಲ್ಲಿ ಒಂದು ರೇಖಾನಕ್ಷೆ: ನಡುವೆ ದಿಣ್ಣೆ, ಎರಡು ಕಡೆಗೂ ಬಾಣದ ಗುರುತು, ಮೂರು ಕಣಿವೆಯ ಹೆಸರು, ಬೆಳ್ಳಂದೂರು ಮತ್ತು ವರ್ತೂರು ಕೆರೆ, ಉತ್ತರ ದಿಕ್ಕಿನ ಗುರುತು. ಬಿಡಿಸಲು ನಾಲ್ಕು ನಿಮಿಷ ಸಾಕು. ನೂರು ಪದದ ವರ್ಣನೆ ಹೇಳುವುದಕ್ಕಿಂತ ಹೆಚ್ಚನ್ನು ಅದು ಹೇಳುತ್ತದೆ.

ಕೊನೆಯಲ್ಲಿ ನಿಮ್ಮ ವಾದದ ಮಿತಿಯನ್ನೂ ಒಂದೆರಡು ವಾಕ್ಯದಲ್ಲಿ ಬರೆಯಿರಿ. ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುವುದಕ್ಕೆ ಕೆರೆ ಕಾರಣವೆಂದು ಹೇಳಲಾಗದು. ಅಲ್ಲಿ ರಸ್ತೆಯ ಮಟ್ಟ ಮತ್ತು ಚರಂಡಿಯ ವಿನ್ಯಾಸ ನೋಡಬೇಕಾಗುತ್ತದೆ. ಇಷ್ಟು ಬರೆದ ವಿದ್ಯಾರ್ಥಿ ಯೋಚಿಸಿದ್ದಾನೆಂದು ಮೌಲ್ಯಮಾಪಕರಿಗೆ ಗೊತ್ತಾಗುತ್ತದೆ.

"ಕಾರಣ ಎಷ್ಟು ಬರೆಯಬೇಕು" ಎಂದು ಕೇಳಿದ್ದೀರಿ. ಕಾರಣಗಳ ಸಂಖ್ಯೆ ಮುಖ್ಯವಲ್ಲ. ಒಂದು ಕಾರಣದಿಂದ ಇನ್ನೊಂದು ಹೇಗೆ ಹುಟ್ಟಿತು ಎಂಬ ಕೊಂಡಿ ಮುಖ್ಯ. "ಆದ್ದರಿಂದ", "ಹೀಗಾಗಿ", "ಇದರ ಫಲವಾಗಿ" ಎಂಬ ಮಾತುಗಳು ನಿಮ್ಮ ಪ್ಯಾರಾದಲ್ಲಿ ಎಲ್ಲೂ ಇಲ್ಲದಿದ್ದರೆ ಅದು ಬರೀ ಪಟ್ಟಿ.

ಹಿರಿಯೂರಿನ_ಹುಡುಗಿ
ಸರ್, ತುಂಬಾ ಧನ್ಯವಾದ. ನನ್ನ ಪೇಪರ್ ತೆಗೆದು ನೋಡಿದೆ, ಎರಡು ಪುಟದಲ್ಲಿ "ಆದ್ದರಿಂದ" ಒಂದೂ ಇಲ್ಲ. ಮಳೆನೆರಳಿನ (ಘಟ್ಟದ ಆಚೆ ಬದಿಗೆ ಮಳೆ ಕಡಿಮೆ ಆಗೋದರ) ಬಗ್ಗೆ ಬರೆದಿದ್ದೆ. ನಮ್ಮೂರೇ ಮಳೆನೆರಳಿನ ಊರು, ಆದ್ರೂ ಊರಿನ ಹೆಸರು ಉತ್ತರದಲ್ಲಿ ಬಂದೇ ಇಲ್ಲ. ಅಕ್ಕ, ನೀವು ಹೇಳಿದ ಹಾಗೆ ಇವತ್ತು ಒಂದು ಅಧ್ಯಾಯ ಓದಿ ನೋಡ್ತೀನಿ.

ಟೋಪೋಶೀಟ್ ಬಗ್ಗೆ ಯಾರಾದ್ರೂ ಹೇಳ್ತೀರಾ?

ನಿವೃತ್ತ_ಅಧ್ಯಾಪಕ
ಊರನ್ನು ಬಳಸಿಕೊಳ್ಳಮ್ಮ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಘಟ್ಟ ಇಳಿದು ನಿಮ್ಮ ಕಡೆ ಬರುವಷ್ಟರಲ್ಲಿ ಎಷ್ಟಾಗುತ್ತದೆ, ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ತುಂಬಿ ಮತ್ತೆ ತುಂಬಲು 2022ರವರೆಗೆ ಯಾಕೆ ಕಾಯಬೇಕಾಯಿತು, ಇವನ್ನು ನಿಮಗಿಂತ ಚೆನ್ನಾಗಿ ಯಾರು ಬರೆಯಬಲ್ಲರು?

ಕೋರಮಂಗಲ_ಜಿಐಎಸ್
ಟೋಪೋಶೀಟ್ ಬಗ್ಗೆ ನಾನು ಹೇಳ್ತೀನಿ. ಜಿಐಎಸ್, ಅಂದ್ರೆ ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡೋ ಕೆಲಸದಲ್ಲಿದ್ದೀನಿ, ದಿನವಿಡೀ ನಕ್ಷೆಯದೇ ಕೆಲಸ. ನಮ್ಮಲ್ಲಿ ಸೇರೋ ಹುಡುಗರು ಸಾಫ್ಟ್‌ವೇರ್ ಚೆನ್ನಾಗಿ ಕಲ್ತಿರ್ತಾರೆ. ಕಾಂಟೂರ್ ನೋಡಿ ನೀರು ಯಾವ ಕಡೆ ಹರಿಯುತ್ತೆ ಅಂತ ಕೇಳಿದ್ರೆ ತಡವರಿಸ್ತಾರೆ. ಹಾಗಾಗಿ ಮೊದಲ ವರ್ಷದಲ್ಲೇ ಕಾಗದದ ಮೇಲೆ ಕಲಿಯೋದು ಬಹಳ ಒಳ್ಳೇದು.

ಗೊತ್ತಿರೋ ಜಾಗದ ಶೀಟ್‌ನಿಂದ ಶುರು ಮಾಡಿ. ಪ್ರಾಕ್ಟಿಕಲ್ ಕ್ಲಾಸಲ್ಲಿ ಎಲ್ಲೋ ಉತ್ತರ ಭಾರತದ ಶೀಟ್ ಕೊಡ್ತಾರೆ, ಅದರಲ್ಲಿ ಕಲ್ಪನೆಗೆ ಏನೂ ಸಿಗಲ್ಲ. ಬೆಂಗಳೂರಿನದ್ದು 57 ಎಚ್/9 ಮತ್ತು 57 ಜಿ/12. ಎರಡು ಯಾಕೆ ಅಂದ್ರೆ 13 ಡಿಗ್ರಿ ಉತ್ತರ ಅಕ್ಷಾಂಶ ಮಲ್ಲೇಶ್ವರದ ಮೇಲೆ ಹಾದು ಹೋಗುತ್ತೆ. ಅದರ ದಕ್ಷಿಣದ ಲಾಲ್‌ಬಾಗ್, ಬೆಳ್ಳಂದೂರು ಎಚ್/9ರಲ್ಲಿವೆ, ಉತ್ತರದ ಹೆಬ್ಬಾಳ ಜಿ/12ರಲ್ಲಿದೆ. ನಂಬರ್ ಹೇಗೆ ಬರುತ್ತೆ ಅಂತ ಒಮ್ಮೆ ಕೈಯಲ್ಲಿ ಮಾಡಿ ನೋಡಿ. 57 ಅನ್ನೋದು 4 ಡಿಗ್ರಿ ಅಗಲ, 4 ಡಿಗ್ರಿ ಉದ್ದದ ಚೌಕ. ಅದನ್ನ 16 ಮಾಡಿ ಎಯಿಂದ ಪಿವರೆಗೆ ಅಕ್ಷರ ಕೊಡ್ತಾರೆ, ಒಂದೊಂದನ್ನ ಮತ್ತೆ 16 ಮಾಡಿ ನಂಬರ್ ಕೊಡ್ತಾರೆ. ಎಡತುದಿಯಿಂದ ಶುರುವಾಗಿ ಮೇಲಿನಿಂದ ಕೆಳಕ್ಕೆ ಎಣಿಸಬೇಕು, ಅಡ್ಡ ಎಣಿಸಿದ್ರೆ ತಪ್ಪುತ್ತೆ. ಈಗಿನ ಓಪನ್ ಸೀರೀಸ್ ಶೀಟ್‌ಗಳ ನಂಬರ್ ಬೇರೆ ಥರ ಇರುತ್ತೆ, ಗಾಬರಿ ಆಗಬೇಡಿ. ಸರ್ವೆ ಆಫ್ ಇಂಡಿಯಾದ ವೆಬ್‌ಸೈಟ್‌ನಿಂದ ಅವನ್ನ ಇಳಿಸ್ಕೋಬಹುದು, ಕೋರಮಂಗಲದಲ್ಲಿ ಅವರ ಕಚೇರಿನೂ ಇದೆ.

ಗೆರೆಯಲ್ಲಿ ಗುಡ್ಡ ಕಾಣೋಕೆ ಒಂದೇ ಅಭ್ಯಾಸ ಹೇಳ್ತೀನಿ. 1:50,000 ಶೀಟ್‌ನಲ್ಲಿ ಎರಡು ಕಾಂಟೂರ್ ನಡುವಿನ ಎತ್ತರದ ಅಂತರ 20 ಮೀಟರ್. ನೀಲಿ ಪೆನ್ಸಿಲ್ ತಗೊಂಡು, ಮೊದಲು ಹಳ್ಳ, ಕಾಲುವೆ, ಕೆರೆಗಳ ಮೇಲೆ ಮಾತ್ರ ಗೆರೆ ಎಳೀರಿ, ಬೇರೆ ಏನನ್ನೂ ನೋಡಬೇಡಿ. ಮೂಲ ಶೀಟ್ ಮೇಲೆ ಅಲ್ಲ, ಟ್ರೇಸಿಂಗ್ ಹಾಳೆ ಮೇಲೆ. ಕಾಂಟೂರ್ ಎಲ್ಲೆಲ್ಲಿ ವಿ ಆಕಾರದಲ್ಲಿ ಬಾಗಿದೆಯೋ ಅಲ್ಲಿ ಆ ವಿ ತುದಿ ಯಾವ ಕಡೆ ಇದೆ ಅಂತ ನೋಡಿ. ಎತ್ತರದ ಕಡೆ ತುದಿ ಇದ್ರೆ ಕಣಿವೆ, ತಗ್ಗಿನ ಕಡೆ ಇದ್ರೆ ಏರು ಚಾಚಿಕೊಂಡಿರೋ ಜಾಗ. ನೀಲಿ ಗೆರೆಗಳು ಎಲ್ಲಿ ಒಂದಕ್ಕೊಂದು ಬೆನ್ನು ಮಾಡಿ ಹೊರಡ್ತವೋ ಅಲ್ಲಿ ಕೆಂಪು ಪೆನ್ಸಿಲ್‌ನಿಂದ ಚುಕ್ಕೆ ಇಟ್ಟು ಜೋಡಿಸಿ. ಸರ್ ಹೇಳಿದ ದಿಣ್ಣೆ ನಿಮ್ಮ ಕೈಯಿಂದಲೇ ಹಾಳೆ ಮೇಲೆ ಬಂದಿರುತ್ತೆ.

ಬಣ್ಣಗಳನ್ನ ಬಾಯಿಪಾಠ ಮಾಡಲೇಬೇಕು, ಅದರಲ್ಲಿ ಚರ್ಚೆ ಇಲ್ಲ. ಕಂದು ಕಾಂಟೂರ್, ನೀಲಿ ನೀರು, ಹಸಿರು ಕಾಡು, ಹಳದಿ ಬೇಸಾಯ, ಕೆಂಪು ರಸ್ತೆ ಮತ್ತು ಮನೆಗಳು. ನೀರಿಲ್ಲದ ಹಳ್ಳ ಕಪ್ಪು ಗೆರೆಯಲ್ಲಿರುತ್ತೆ, ಅದನ್ನ ಕಾಲುದಾರಿ ಅಂತ ಬರೆದು ಅಂಕ ಕಳ್ಕೊಳ್ಳೋರು ಇದ್ದಾರೆ.

ಕ್ಯೂಜಿಐಎಸ್ ನಕ್ಷೆ ಮಾಡೋ ಉಚಿತ ಸಾಫ್ಟ್‌ವೇರ್. ಲ್ಯಾಪ್‌ಟಾಪ್ ಇಲ್ಲದಿದ್ರೆ ಈಗಲೇ ಚಿಂತೆ ಬೇಡ. ಉಪಗ್ರಹ ಚಿತ್ರ ತೋರಿಸೋ ಇಸ್ರೋದ ತಾಣ ಭುವನ್ ಫೋನ್‌ನಲ್ಲೂ ತೆರೆಯುತ್ತೆ, ಸದ್ಯಕ್ಕೆ ಅದು ಸಾಕು.

ಸಂಜೆ_ಕಾಲೇಜು
ನಾನು ಬೆಳಗ್ಗೆ ಅಂಗಡಿಯಲ್ಲಿ ಕೆಲಸ ಮಾಡಿ ಸಂಜೆ ಕಾಲೇಜಿಗೆ ಹೋಗೋನು. ಟೈಮ್ ಬಗ್ಗೆ ಯಾರೂ ಹೇಳಿಲ್ಲ. ನಿಮ್ಮಲ್ಲಿ ತುಂಬಾ ಜನಕ್ಕೆ ದಿನಕ್ಕೆ ಮೂರು ಗಂಟೆ ಓದೋಕೆ ಸಿಗುತ್ತೆ, ನನ್ನಂಥವರಿಗೆ ಸಿಗಲ್ಲ.

ನನಗೆ ಉಪಯೋಗ ಆಗಿರೋದು ಏನಂದ್ರೆ, ಪ್ರಾಕ್ಟಿಕಲ್ ರೆಕಾರ್ಡನ್ನ ಕ್ಲಾಸ್ ಆದ ರಾತ್ರಿನೇ ಮುಗಿಸೋದು. ಸ್ಕೇಲ್ ಎಳೆಯೋದು, ನಕ್ಷೆ ದೊಡ್ಡದು ಚಿಕ್ಕದು ಮಾಡೋದು, ಇವು ಕೈ ನೆನಪಿರುವಾಗಲೇ ಮಾಡಿದ್ರೆ ಅರ್ಧ ಗಂಟೆ. ತಿಂಗಳು ಬಿಟ್ಟು ಬೇರೆಯವರ ರೆಕಾರ್ಡ್ ನೋಡಿ ಬರೆದ್ರೆ ಇಡೀ ಭಾನುವಾರ ಹೋಗುತ್ತೆ, ಕಲಿಯೋದೂ ಇಲ್ಲ. ಪಾಠದ ನೋಟ್ಸ್ ಆದ್ರೆ ಅದೇ ದಿನ ಹತ್ತು ನಿಮಿಷ ನೋಡ್ತೀನಿ, ವಾರದ ಕೊನೆಗೆ ಇನ್ನೊಮ್ಮೆ. ಎಬಿಂಗ್‌ಹೌಸ್ ಅನ್ನೋ ಜರ್ಮನ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದು, ಕಲಿತದ್ದರಲ್ಲಿ ಹೆಚ್ಚಿನದು ಮೊದಲ ದಿನದಲ್ಲೇ ಮರೆತುಹೋಗುತ್ತೆ ಅಂತ. ಅದಕ್ಕೇ ಆ ಹತ್ತು ನಿಮಿಷ ತುಂಬಾ ಬೆಲೆಯದ್ದು.

ಇನ್ನೊಂದು, ಇಬ್ಬರು ಮೂವರು ಸೇರಿ ಓದಿ. ನಾವು ಮೂರು ಜನ ಒಂದೊಂದು ಘಟಕ ಹಂಚ್ಕೊಂಡು ಶನಿವಾರ ಒಬ್ಬರಿಗೊಬ್ಬರು ಪಾಠ ಮಾಡ್ತೀವಿ. ಕೋರಿಯೋಲಿಸ್ ಬಲ (ಭೂಮಿ ತಿರುಗೋದರಿಂದ ಗಾಳಿ ಪಕ್ಕಕ್ಕೆ ತಿರುಗೋದು) ನನಗೆ ಅರ್ಥ ಆಗಿದ್ದು ಬೇರೆಯವರಿಗೆ ಹೇಳಿಕೊಡೋಕೆ ಕೂತಾಗ.

ಗ್ರಂಥಪಾಲಕಿ
ಒಂದು ಪದವಿ ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ಮಕ್ಕಳು ಅಸೈನ್‌ಮೆಂಟ್ ಅಂತ ಬಂದು ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಪ್ರಿಂಟ್ ತೆಗೆದುಕೊಂಡು ಹೋಗುವಾಗ ಸಂಕಟವಾಗುತ್ತದೆ. ಕೌಂಟರ್‌ನಲ್ಲಿ ಕೇಳಿದರೆ ಕೊಡುವುದಕ್ಕೆ ನಮ್ಮಲ್ಲಿ ಎಷ್ಟೋ ಇರುತ್ತದೆ.

ನಿಮ್ಮ ಕಾಲೇಜು ಎನ್-ಲಿಸ್ಟ್ ಸದಸ್ಯತ್ವ ಪಡೆದಿದೆಯೇ ಎಂದು ಕೇಳಿ. ಪಡೆದಿದ್ದರೆ ವಿದ್ಯಾರ್ಥಿಗಳಿಗೂ ಪಾಸ್‌ವರ್ಡ್ ಕೊಡಿಸಬಹುದು, ಸಾವಿರಾರು ಪತ್ರಿಕೆ ಮತ್ತು ಇ-ಪುಸ್ತಕ ಸಿಗುತ್ತವೆ. ಇ-ಪಿಜಿ ಪಾಠಶಾಲೆಯಲ್ಲಿ ಭೂಗೋಳಶಾಸ್ತ್ರದ ಪಾಠಗಳು ಉಚಿತ. ಎಂ.ಎ. ಮಟ್ಟದವು ನಿಜ, ಆದರೂ ಪೀಠಿಕೆ ಭಾಗಗಳು ನಿಮಗೆ ಅರ್ಥವಾಗುತ್ತವೆ. ಪ್ರೌಢಪ್ರಬಂಧ ನೋಡಬೇಕಾದರೆ ಶೋಧಗಂಗಾ ಇದೆ. ಕನ್ನಡದಲ್ಲಿ ಓದಬೇಕೆಂದರೆ ಜಿಲ್ಲಾ ಗೆಜೆಟಿಯರ್‌ಗಳನ್ನು ಮರೆಯಬೇಡಿ. ಜಿಲ್ಲೆಯ ಮಣ್ಣು, ಮಳೆ, ಬೆಳೆ, ಕೆರೆಗಳ ವಿವರ ಅಲ್ಲಿರುವಷ್ಟು ಒಂದೇ ಕಡೆ ಬೇರೆಲ್ಲೂ ಸಿಗುವುದು ಕಷ್ಟ. ಕಬ್ಬನ್ ಪಾರ್ಕ್‌ನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಬನ್ನಿ, ಹಾಸ್ಟೆಲ್‌ನಲ್ಲಿ ಗಲಾಟೆ ಇದ್ದರೆ ಓದಲು ಪ್ರಶಸ್ತ ಜಾಗ.

ಅಂಕಿ-ಅಂಶ ಬರೆಯುವಾಗ ಅದು ಯಾವ ವರ್ಷದ್ದು, ಯಾವ ಗಡಿಯೊಳಗಿನದ್ದು ಎಂದು ಬರೆಯಲೇಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551. ಅದೇ ಜನಗಣತಿಯಲ್ಲಿ ಮಹಾನಗರ ಪಾಲಿಕೆಯ ವ್ಯಾಪ್ತಿಯದ್ದು ಸುಮಾರು 84.4 ಲಕ್ಷ. ಎರಡೂ ಸರಿ. ಬರೀ "ಬೆಂಗಳೂರಿನ ಜನಸಂಖ್ಯೆ" ಎಂದು ಬರೆದರೆ ಮಾತ್ರ ತಪ್ಪು.

ಓದುವಾಗಲೇ ಲೇಖಕರ ಹೆಸರು, ವರ್ಷ, ಪುಸ್ತಕದ ಹೆಸರು, ಪ್ರಕಾಶಕರು, ಪುಟಸಂಖ್ಯೆ ಇವನ್ನು ನೋಟ್ಸ್‌ನ ನೆತ್ತಿಯಲ್ಲಿ ಬರೆದುಕೊಳ್ಳಿ. ಪುಸ್ತಕದ ವಾಕ್ಯವನ್ನು ಹಾಗೇ ಇಳಿಸಿಕೊಂಡರೆ ಉದ್ಧರಣ ಚಿಹ್ನೆ ಹಾಕಿ, ನಿಮ್ಮ ಮಾತಾದರೆ ಹಾಕಬೇಡಿ. ತಿಂಗಳ ನಂತರ ನೋಟ್ಸ್ ನೋಡಿದಾಗ ಯಾವುದು ಯಾರ ಮಾತು ಎಂದು ಆಗ ಗೊಂದಲವಿರುವುದಿಲ್ಲ. ನಕ್ಷೆಗೂ ಮೂಲ ಬರೆಯಬೇಕು: ಶೀಟ್ ಸಂಖ್ಯೆ, ಸ್ಕೇಲ್, ಸರ್ವೆ ಆದ ವರ್ಷ.

ಎರಡನೇ_ವರ್ಷ_ಬಿಎ
ಮೇಡಂ, ನಮ್ಮ ಕ್ಲಾಸಲ್ಲಿ ಈಗ ಎಲ್ಲರೂ ಎಐಗೆ ಕೇಳಿ ಅಸೈನ್‌ಮೆಂಟ್ ಬರೀತಾರೆ. ಅದು ಕೊಡೋ ಗ್ರಂಥಋಣ ನಂಬಬಹುದಾ?

ಗ್ರಂಥಪಾಲಕಿ
ಲೈಬ್ರರಿಯಲ್ಲೋ ಪ್ರಕಾಶಕರ ಪಟ್ಟಿಯಲ್ಲೋ ಪುಸ್ತಕವನ್ನು ಕಣ್ಣಾರೆ ನೋಡದೆ ಬರೆಯಬೇಡಿ. ಇಲ್ಲದ ಪುಸ್ತಕ, ಇಲ್ಲದ ಲೇಖನಗಳ ಹೆಸರು ಹಿಡಿದುಕೊಂಡು ನಮ್ಮ ಕೌಂಟರ್‌ಗೆ ಬರುವ ಮಕ್ಕಳು ಈಗ ಹೆಚ್ಚಾಗಿದ್ದಾರೆ. ಒಂದು ಇಂಗ್ಲಿಷ್ ಪ್ಯಾರಾ ಅರ್ಥವಾಗದಿದ್ದಾಗ ಸರಳವಾಗಿ ಹೇಳು ಎಂದು ಕೇಳುವುದಕ್ಕೆ ಬಳಸಿ. ಬರೆಯುವ ಕೆಲಸ ನಿಮ್ಮದೇ ಆಗಿರಲಿ, ಪರೀಕ್ಷಾ ಕೊಠಡಿಯಲ್ಲಿ ಬರೆಯಬೇಕಾದವರು ನೀವೇ.

ಜ್ಞಾನಭಾರತಿ_ಎಂಎ
ಕ್ಷೇತ್ರಕಾರ್ಯದ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಬಹಳ ಇಷ್ಟವಾದ ಭಾಗ ಅದು. ಕಾಲೇಜಿನವರು ಕರ್ಕೊಂಡು ಹೋಗೋವರೆಗೂ ಕಾಯಬೇಡ ತಂಗಿ. ಶಕ್ತಿ ಯೋಜನೆಯಲ್ಲಿ ನಮಗೆ ಬಿಎಂಟಿಸಿ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಇಟ್ಕೊಂಡು ಹೊರಡು.

ಮೊದಲು ಲಾಲ್‌ಬಾಗ್ ಬಂಡೆಗೆ ಹೋಗು. ಕೆಂಪೇಗೌಡ ಗೋಪುರ ಇರೋ ಬಂಡೆ, ಸುಮಾರು 300 ಕೋಟಿ ವರ್ಷದ ಪೆನಿನ್ಸುಲರ್ ನೈಸ್ ಅನ್ನೋ ರೂಪಾಂತರ ಶಿಲೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲಿ ಫಲಕ ಇದೆ. ಫಲಕ ಓದೋದಕ್ಕೆ ಮುಂಚೆ ಬಂಡೆ ನೋಡು. ನೋಟ್‌ಬುಕ್‌ನಲ್ಲಿ ದಿನ, ಹೊತ್ತು, ಜಾಗ ಬರೆದು ಪುಟಾನ ಎರಡು ಭಾಗ ಮಾಡು. ಎಡಕ್ಕೆ ಕಂಡದ್ದು, ಬಲಕ್ಕೆ ಊಹಿಸಿದ್ದು. "ತಿಳಿ ಬಣ್ಣದ ಪಟ್ಟೆ, ಕಡು ಬಣ್ಣದ ಪಟ್ಟೆ ಒಂದರ ಪಕ್ಕ ಒಂದು ಬಾಗಿ ಹೋಗಿವೆ" ಅನ್ನೋದು ಎಡಕ್ಕೆ. "ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಖನಿಜಗಳು ಬೇರೆ ಬೇರೆ ಪಟ್ಟೆಯಾಗಿರಬಹುದು" ಅನ್ನೋದು ಬಲಕ್ಕೆ. "ಮೇಲ್ಪದರ ಚಕ್ಕೆಯಾಗಿ ಎದ್ದಿದೆ" ಎಡಕ್ಕೆ, "ಶಿಥಿಲೀಕರಣ" ಬಲಕ್ಕೆ. ಈ ಎರಡನ್ನ ಬೇರೆ ಮಾಡೋದು ಕಲಿತರೆ ಎಂ.ಎ.ನಲ್ಲಿ ಪ್ರಬಂಧ ಬರೆಯುವಾಗಲೂ ಕೈ ಹಿಡಿಯುತ್ತೆ.

ಹಾಸ್ಟೆಲ್ ತಾರಸಿ ಮೇಲೆ ಮಾಡಬಹುದಾದ್ದು ಒಂದಿದೆ. ನೆಟ್ಟಗೆ ಒಂದು ಕೋಲು ನಿಲ್ಲಿಸಿ, ಹನ್ನೆರಡರಿಂದ ಹನ್ನೆರಡೂ ಮುಕ್ಕಾಲರವರೆಗೆ ನೆರಳಿನ ತುದಿ ಗುರುತು ಮಾಡ್ತಾ ಹೋಗು. ನೆರಳು ತೀರ ಚಿಕ್ಕದಾಗೋದು ಹನ್ನೆರಡಕ್ಕಲ್ಲ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಬೆಂಗಳೂರು ಸುಮಾರು 77.6ರಲ್ಲಿದೆ. ವ್ಯತ್ಯಾಸ 4.9 ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ 20 ನಿಮಿಷಕ್ಕೆ ಹತ್ತಿರ. ವರ್ಷದ ಬೇರೆ ಬೇರೆ ತಿಂಗಳಲ್ಲಿ ಇದು ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತೆ, ಯಾಕೆ ಅಂತ ಪುಸ್ತಕದಲ್ಲಿ ಹುಡುಕು. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ನಮ್ಮ ನೆತ್ತಿ ಮೇಲೇ ಇರ್ತಾನೆ, ಆಗ ಕೋಲಿಗೆ ನೆರಳೇ ಇರಲ್ಲ. ರೇಖಾಂಶ ಮತ್ತು ಕಾಲದ ಲೆಕ್ಕ ಆಮೇಲೆ ಪರೀಕ್ಷೆಯಲ್ಲಿ ಹೇಗೆ ಕೇಳಿದ್ರೂ ಬರುತ್ತೆ.

ಕೆಎಎಸ್_ವಿಜಯನಗರ
ಕೋಲಿನ ಪ್ರಯೋಗ ಚೆನ್ನಾಗಿದೆ. ಈ 4 ನಿಮಿಷದ ಲೆಕ್ಕಾನ ಸೂತ್ರವಾಗಿ ಕಲಿತಿದ್ದೆ, ಈ ಭಾನುವಾರ ಮಾಡಿ ನೋಡ್ತೀನಿ. ಪಾಯಿಂಟ್ ವಿಷಯದಲ್ಲಿ ಸರ್ ಹೇಳಿದ್ದು ಪ್ರಬಂಧ ಮಾದರಿಯ ಉತ್ತರಕ್ಕೆ ಸರಿ. ಎರಡು ಅಂಕದ ಪ್ರಶ್ನೆಗೆ ಪಾಯಿಂಟೇ ಸಾಕು ಅನ್ನೋದು ನನ್ನ ಅಭಿಪ್ರಾಯ.

ನಿವೃತ್ತ_ಅಧ್ಯಾಪಕ
ಎರಡು ಅಂಕಕ್ಕೆ ಸಾಕು, ಒಪ್ಪಿದೆ.

ಹಿರಿಯೂರಿನ_ಹುಡುಗಿ
ಎಲ್ಲರೂ ಇಷ್ಟು ಬರೆದಿದ್ದೀರಿ, ಎಲ್ಲಾನೂ ನೋಟ್‌ಬುಕ್‌ಗೆ ಇಳಿಸ್ಕೊಂಡೆ. ನೀಲಿ ಪೆನ್ಸಿಲ್ ಅಭ್ಯಾಸ ನಿನ್ನೆ ಲೈಬ್ರರಿಯಲ್ಲಿ ಮಾಡಿದೆ. ಹಳ್ಳಗಳ ಮೇಲೆ ಗೆರೆ ಎಳೆದ ಮೇಲೆ ಬಸವನಗುಡಿ ಕಡೆ ಎತ್ತರ, ಬೆಳ್ಳಂದೂರು ಕಡೆ ಇಳಿಜಾರು ಅಂತ ನಿಜವಾಗ್ಲೂ ಕಾಣ್ಸಿತು!

ಎರಡು ಪ್ರಶ್ನೆ. ಒಂದು, ಬಸವನಗುಡಿಯಿಂದ ಬೆಳ್ಳಂದೂರಿಗೆ ಅಡ್ಡಕೊಯ್ತ (ನೆಲದ ಏರಿಳಿತ ಪಕ್ಕದಿಂದ ತೋರಿಸೋ ಚಿತ್ರ) ಬರೆಯೋಕೆ ಹೋದ್ರೆ ಗೆರೆ ಹೆಚ್ಚುಕಮ್ಮಿ ಸಪಾಟಾಗಿ ಬರ್ತಿದೆ. ಲಂಬ ಸ್ಕೇಲ್ ಎಷ್ಟು ತಗೋಬೇಕು? ಇನ್ನೊಂದು, ಅಸೈನ್‌ಮೆಂಟ್‌ಗೆ ನಾವೇ ವಿಷಯ ಆರಿಸ್ಕೋಬೇಕು. "ಬೆಂಗಳೂರಿನ ಕೆರೆಗಳು" ಅಂತ ಅಂದ್ಕೊಂಡಿದ್ದೀನಿ. ಆಗುತ್ತಾ ಸರ್?

ಕೋರಮಂಗಲ_ಜಿಐಎಸ್
ಸಪಾಟಾಗಿ ಬರಲೇಬೇಕು, ಲೆಕ್ಕ ಮಾಡಿ ನೋಡಿ. ಆ ಗೆರೆ ನೆಲದ ಮೇಲೆ ಸುಮಾರು 10 ಕಿ.ಮೀ. ಶೀಟ್‌ನಲ್ಲಿ 2 ಸೆಂ.ಮೀ.ಗೆ 1 ಕಿ.ಮೀ. ಆದ್ದರಿಂದ ಹಾಳೆ ಮೇಲೆ 20 ಸೆಂ.ಮೀ. ಇಳಿಜಾರು ಸುಮಾರು 50 ಮೀಟರ್ ಅಂತ ಇಟ್ಕೊಳ್ಳಿ. ಅದೇ 1:50,000 ಸ್ಕೇಲಲ್ಲಿ 50 ಮೀಟರ್ ಅಂದ್ರೆ 1 ಮಿಲಿಮೀಟರ್, ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಗಿದುಹೋಗುತ್ತೆ. ಲಂಬಕ್ಕೆ 1 ಸೆಂ.ಮೀ.ಗೆ 50 ಮೀಟರ್ ತಗೊಳ್ಳಿ, ಅಂದ್ರೆ 1:5,000. ಆಗ ಇಳಿಜಾರು 1 ಸೆಂ.ಮೀ. ಎತ್ತರ ಬರುತ್ತೆ. 50,000ನ್ನ 5,000ದಿಂದ ಭಾಗಿಸಿದ್ರೆ ಲಂಬ ಉತ್ಪ್ರೇಕ್ಷೆ 10 ಪಟ್ಟು. ಈ 10ನ್ನ ಚಿತ್ರದ ಕೆಳಗೆ ಬರೆಯಲೇಬೇಕು, ಇಲ್ಲಾಂದ್ರೆ ನೋಡಿದವರು ಅಲ್ಲಿ ಕಡಿದಾದ ಗುಡ್ಡ ಇದೆ ಅಂತ ತಿಳ್ಕೋತಾರೆ. 1 ಸೆಂ.ಮೀ.ಗೆ 20 ಮೀಟರ್ ತಗೊಂಡ್ರೆ 25 ಪಟ್ಟು ಆಗುತ್ತೆ, ಅದು ಅತಿಯಾಯ್ತು.

ನಿವೃತ್ತ_ಅಧ್ಯಾಪಕ
"ಬೆಂಗಳೂರಿನ ಕೆರೆಗಳು" ವಿಷಯ ಆಯಿತು, ಪ್ರಶ್ನೆ ಆಗಲಿಲ್ಲ. ಅದರಲ್ಲಿ ಹತ್ತು ಪಿಎಚ್.ಡಿ. ಆಗುತ್ತದೆ. ಒಂದು ಕಣಿವೆ ಹಿಡಿಯಿರಿ, ಒಂದು ಬದಲಾವಣೆ ಹಿಡಿಯಿರಿ. "ಕೋರಮಂಗಲ-ಚಲ್ಲಘಟ್ಟ ಕಣಿವೆಯ ಮೇಲ್ಭಾಗದಲ್ಲಿ ಹಳೆಯ ಟೋಪೋಶೀಟ್‌ನಲ್ಲಿದ್ದ ಕೆರೆಗಳ ಜಾಗದಲ್ಲಿ ಈಗ ಏನಿದೆ?" ಎಂದು ಕೇಳಿಕೊಂಡರೆ ಮೊದಲ ವರ್ಷದ ವಿದ್ಯಾರ್ಥಿನಿ ಉತ್ತರ ಕಂಡುಕೊಳ್ಳಬಹುದು. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ, ಅಲ್ಲಿಂದ ಶುರು ಮಾಡಿ ಕೆಳಗೆ ಬನ್ನಿ. ಧರ್ಮಾಂಬುಧಿ ಕೆರೆ ಇದ್ದದ್ದು ಈಗಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ. ಅದು ವೃಷಭಾವತಿ ಕಡೆಯದ್ದು, ಈ ಅಸೈನ್‌ಮೆಂಟ್‌ಗೆ ಸೇರಿಸಬೇಡಿ.

ಹಳೆಯ ಶೀಟ್ ಮತ್ತು ಭುವನ್ ಚಿತ್ರ ಎರಡನ್ನೂ ಒಂದೇ ಸ್ಕೇಲ್‌ಗೆ ತಂದುಕೊಂಡೇ ಹೋಲಿಸಿ. ಶೀಟ್‌ನ ಸರ್ವೆ ವರ್ಷ, ಚಿತ್ರದ ದಿನಾಂಕ ಎರಡನ್ನೂ ಬರೆಯಿರಿ. ಮಳೆಗಾಲದ ಚಿತ್ರ ಬೇಸಿಗೆಯ ಚಿತ್ರ ಬೆರೆಸಿದರೆ ಕೆರೆಯ ವಿಸ್ತೀರ್ಣ ತಪ್ಪಾಗಿ ಬರುತ್ತದೆ. ಹೊರಡುವ ಮುಂಚೆ ಈ ಪ್ರಶ್ನೆಯನ್ನು ನಿಮ್ಮ ಮೇಡಂಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಕರಡು ಸಿದ್ಧವಾದಾಗ ಇಲ್ಲಿ ಹಾಕಿ, ನಾನು ಓದುತ್ತೇನೆ.